ಹಳೆಯ ಕಾರು ಎಷ್ಟು ಗಟ್ಟಿ?

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹೆದ್ದಾರಿಯು ಉದ್ಯಮಬಾಗದ ಎರಕದ ಕಾರ್ಖಾನೆಗಳನ್ನೂ ಪೀರನವಾಡಿ, ಮಚ್ಛೆಗಳನ್ನೂ ದಾಟಿ, ಇಪ್ಪತ್ತೈದು ಕಿಲೋಮೀಟರಿನಷ್ಟು ಸಾಗಿ ಮಲಪ್ರಭೆಯ ತೀರವನ್ನು ಮುಟ್ಟುತ್ತದೆ. ಆದಿತ್ಯವಾರ ಈ ದಾರಿಯಲ್ಲಿ ನಿಂತು ನೋಡಿದರೆ, ನಿನ್ನೆ ಮೊನ್ನೆ ಕೊಂಡ ಹೊಸ ಕಾರುಗಳ ನಡುವೆ ಒಮ್ಮೊಮ್ಮೆ, ಮನೆಯ ಹಿರಿಯರನ್ನು ಕಾಪಾಡುವಂತೆ ಜೋಪಾನ ಮಾಡಿಕೊಂಡು ಬಂದ ಒಂದು ಅಂಬಾಸಡರ್ ಇಲ್ಲವೆ ಪದ್ಮಿನಿ ಗಾಂಭೀರ್ಯದಿಂದ ಸಾಗುವುದು ಕಣ್ಣಿಗೆ ಬೀಳುತ್ತದೆ.

ಟಿಳಕವಾಡಿಯಲ್ಲಿ ನಮಗೆ ಪರಿಚಿತರಾದ ಹಿರಿಯರೊಬ್ಬರಲ್ಲಿ ಇಂಥ ಅಂಬಾಸಡರ್ ಒಂದಿದೆ. ಮೊಮ್ಮಗನು ಹೊಸ ಕಾರಿನ ಮಾತೆತ್ತಿದಾಗಲೆಲ್ಲ ಅವರು ಅದರ ಬಾನೆಟ್ಟನ್ನು ತಟ್ಟಿ, “ಈಗಿನವು ಬರೇ ತಗಡಿನ ಡಬ್ಬಿ ನೋಡಪಾ. ಕೈಲೆ ಒತ್ತಿದರ ತಗ್ಗು ಬೀಳತಾವ. ಇದು ಉಕ್ಕು!” ಎನ್ನುತ್ತಾರೆ. ಒಂದು ದಿನ ಮೊಮ್ಮಗ ಮೆಲ್ಲಗೆ ಕೇಳಿದ: “ಖರೇ ಅಜ್ಜಾ, ಆದರ ಪೆಟ್ಟು ಬಿದ್ದರ ಉಳಿಯೋದು ಕಾರೋ, ನೀವೋ?”

ಇದು ಬರಿಯ ವಾದಕ್ಕಾಗಿ ಕೇಳಿದ ಪ್ರಶ್ನೆಯಲ್ಲ. 2024ರ ಫೆಬ್ರವರಿಯಲ್ಲಿ ಖಾನಾಪುರ ತಾಲೂಕಿನಲ್ಲಿ ಮದುವೆಗೆಂದು ಹೊರಟ ಕಾರೊಂದು ದಾರಿಬದಿಯ ಮರಕ್ಕೆ ಅಪ್ಪಳಿಸಿ ಆರು ಮಂದಿ ಅಸುನೀಗಿದರು. ನಿಂತ ಮರವಾಗಲಿ, ಎದುರು ಬರುವ ಲಾರಿಯಾಗಲಿ ನಮ್ಮ ಕಾರಿನ ವಯಸ್ಸನ್ನು ಕೇಳುವುದಿಲ್ಲ.

ಅಜ್ಜನ ನಂಬಿಕೆಯನ್ನು ಅಮೆರಿಕದಲ್ಲಿ ಒಮ್ಮೆ ಪ್ರತ್ಯಕ್ಷವಾಗಿಯೇ ಪರೀಕ್ಷಿಸಿ ನೋಡಿದರು. ಅಲ್ಲಿನ ವಿಮಾ ಕಂಪನಿಗಳು ನಡೆಸುವ ಹೆದ್ದಾರಿ ಸುರಕ್ಷಾ ಸಂಸ್ಥೆಯು ತನ್ನ ಐವತ್ತನೆಯ ವರ್ಷದ ನೆನಪಿಗಾಗಿ, 2009ರಲ್ಲಿ ಎರಡು ಷೆವ್ರೊಲೆ ಕಾರುಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸಿತು. ಒಂದು 1959ರ ಬೆಲ್ ಏರ್. ಇನ್ನೊಂದು 2009ರ ಮ್ಯಾಲಿಬು. ತೂಕದಲ್ಲಿ ಎರಡೂ ಹೆಚ್ಚುಕಡಿಮೆ ಸಮಾನ. ವೇಗ ಎರಡಕ್ಕೂ ಗಂಟೆಗೆ 64 ಕಿಲೋಮೀಟರ್. ಚಾಲಕರ ಜಾಗದಲ್ಲಿ ಅಳತೆಯ ಉಪಕರಣಗಳನ್ನು ಹೊತ್ತ ಬೊಂಬೆಗಳು ಕುಳಿತಿದ್ದುವು. ಹಳೆಯ ಕಾರಿನ ಮುಂಭಾಗವು ಕುಸಿದು ಚಾಲಕನ ಕೋಣೆಯನ್ನೇ ಹೊಕ್ಕಿತು. ಸ್ಟೀರಿಂಗ್ ಚಕ್ರವು ಹಿಂದಕ್ಕೆ ನುಗ್ಗಿ ಬೊಂಬೆಗೆ ಬಡಿಯಿತು. ನಿಜವಾದ ಮನುಷ್ಯನಾಗಿದ್ದರೆ ಬದುಕುತ್ತಿರಲಿಲ್ಲವೆಂದು ತಜ್ಞರು ತೀರ್ಮಾನಿಸಿದರು. ಹೊಸ ಕಾರಿನ ಮೂತಿಯೂ ನುಜ್ಜುಗುಜ್ಜಾಯಿತು. ಆದರೆ ಅದರ ಚಾಲಕನಿಗೆ ಕಾಲಿನ ಅಲ್ಪ ಗಾಯವಷ್ಟೇ ಆಗುತ್ತಿತ್ತು.

ಇದಕ್ಕೆ ಕಾರಣವನ್ನು ಖಾನಾಪುರದ ಕುಂಬಾರರು ಬಲ್ಲರು. ಮಡಕೆಗಳನ್ನು ಗಾಡಿಗೆ ಹೇರುವಾಗ ನಡುವೆ ಹುಲ್ಲನ್ನು ತುಂಬುತ್ತಾರೆ. ಗಾಡಿ ಕುಲುಕಿದಾಗ ಹುಲ್ಲು ಜಜ್ಜಿಹೋಗುತ್ತದೆ, ಮಡಕೆ ಉಳಿಯುತ್ತದೆ. ಹುಲ್ಲಿಗೆ ಬದಲು ಕಬ್ಬಿಣದ ಪಟ್ಟಿಯನ್ನಿಟ್ಟರೆ ಪಟ್ಟಿ ಉಳಿದೀತು, ಮಡಕೆ ಉಳಿಯದು. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಐದು ಅಂತಸ್ತಿನ ಮನೆಯ ಮೇಲಿಂದ ಬಿದ್ದಂತೆ. ಆ ವೇಗವು ಎಲ್ಲಿಯಾದರೂ ಕರಗಲೇಬೇಕು. ಕಾರಿನ ಮೂತಿಯು ಮಡಚಿಕೊಂಡು ಅದನ್ನು ನುಂಗದಿದ್ದರೆ ನಮ್ಮ ಎದೆ, ತಲೆಗಳು ನುಂಗಬೇಕಾಗುತ್ತದೆ. ಆದುದರಿಂದ ಮೂತಿ ಮೆದುವಾಗಿರಬೇಕು, ಜನ ಕೂರುವ ಕೋಣೆ ಗಟ್ಟಿಯಾಗಿರಬೇಕು. ಈ ತತ್ತ್ವವನ್ನು ಕಂಡುಹಿಡಿದವರು ಮರ್ಸಿಡಿಸ್ ಕಂಪನಿಯ ಎಂಜಿನಿಯರ್ ಬೇಲಾ ಬಾರೆನ್ಯಿ. ಅದು ಕಾರಿನಲ್ಲಿ ರೂಪುಗೊಂಡದ್ದು 1959ರಲ್ಲಿ. ಅದೇ ವರ್ಷ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ರೂಪಿಸಿದ, ಹೆಗಲು ಸೊಂಟಗಳೆರಡನ್ನೂ ಹಿಡಿಯುವ ಪಟ್ಟಿಯೂ ಬಳಕೆಗೆ ಬಂದಿತು. ನಮ್ಮ ಅಂಬಾಸಡರ್ 2014ರವರೆಗೆ ತಯಾರಾದರೂ ಅದರ ಮೂಲವು ಇವೆಲ್ಲಕ್ಕೂ ಹಿಂದಿನ ಮಾರಿಸ್ ಆಕ್ಸ್‌ಫರ್ಡ್.

ಹಾಗೆಂದು ಹಳೆಯದೆಂದರೆ ಅಜ್ಜನ ಕಾಲದ್ದು ಮಾತ್ರವೆಂದು ವಾಚಕರು ನಿಶ್ಚಿಂತರಾಗಬಾರದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ನಮ್ಮ ಪೇಟೆಯ ಐದು ಸಣ್ಣ ಕಾರುಗಳನ್ನು ಪರೀಕ್ಷಿಸಿದಾಗ ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ದೊರೆತದ್ದು ಸೊನ್ನೆ ನಕ್ಷತ್ರ. ಮಾರುತಿ ಆಲ್ಟೊ 800, ಟಾಟಾ ನ್ಯಾನೊ, ಹುಂಡೈ ಐ10, ಇವುಗಳ ಕೋಣೆಯೇ ಕುಸಿದಿತ್ತು. ಫೋಕ್ಸ್‌ವ್ಯಾಗನ್ ಪೋಲೊ ಕಾರಿನ ಕೋಣೆಯೇನೋ ಗಟ್ಟಿಯಾಗಿ ನಿಂತಿತು, ಆದರೆ ಗಾಳಿಚೀಲವಿರಲಿಲ್ಲ. ಅದೇ ಕಾರಿಗೆ ಎರಡು ಗಾಳಿಚೀಲಗಳನ್ನು ಕೂಡಿಸಿ ಪರೀಕ್ಷಿಸಿದಾಗ ನಾಲ್ಕು ನಕ್ಷತ್ರಗಳು ಬಂದುವು. ಮೊದಲು ಕೋಣೆ, ಅನಂತರ ಪಟ್ಟಿ, ಅದರ ಜೊತೆಗೆ ಗಾಳಿಚೀಲ: ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. 2018ರಲ್ಲಿ ಟಾಟಾ ನೆಕ್ಸಾನ್ ಐದು ನಕ್ಷತ್ರಗಳನ್ನು ಗಳಿಸಿ, ನಮ್ಮಲ್ಲಿಯೂ ಇದು ಸಾಧ್ಯವೆಂದು ತೋರಿಸಿತು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಜಾರಿಗೆ ಬಂದಿದೆ.

ಹಳೆಯ ಕಾರನ್ನು ಕೊಳ್ಳಹೊರಟ ಗೃಹಸ್ಥರು ಬಣ್ಣವನ್ನು ನೋಡುವ ಮೊದಲು ನೋಂದಣಿ ಪತ್ರದಲ್ಲಿ ತಯಾರಾದ ತಿಂಗಳು, ವರ್ಷಗಳನ್ನು ನೋಡಬೇಕು. ಹೊಸ ಮಾದರಿಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾದದ್ದು 2017ರ ಅಕ್ಟೋಬರಿನಲ್ಲಿ. ಎಲ್ಲ ಮಾದರಿಗಳಿಗೆ 2019ರ ಅಕ್ಟೋಬರಿನಲ್ಲಿ. ಚಾಲಕನ ಗಾಳಿಚೀಲವು 2019ರ ಜುಲೈನಿಂದ ಕಡ್ಡಾಯವಾಯಿತು. ಬಳಿಕ ಕಾರಿನ ತಳವನ್ನೂ ಬಾಗಿಲ ಕಂಬಗಳನ್ನೂ ತಟ್ಟಿ ನೋಡಬೇಕು. ಖಾನಾಪುರದ ಕಡೆಯ ಮಳೆಯಲ್ಲಿ ತುಕ್ಕು ಹಿಡಿದು, ಮೇಲೆ ಪುಟ್ಟಿ ಬಳಿದ ಉಕ್ಕು ನೋಟಕ್ಕೆ ಮಾತ್ರ ಉಕ್ಕು. ಮುಂದೆ ಕಟ್ಟಿಸಿದ ಕಬ್ಬಿಣದ ಗಾರ್ಡನ್ನು ತೆಗೆಸಿಬಿಡುವುದು ಲೇಸು. ಪೆಟ್ಟನ್ನು ನೇರವಾಗಿ ಒಳಕ್ಕೆ ಸಾಗಿಸುವುದೇ ಅದರ ಕೆಲಸ.

ಪಟ್ಟಿಯನ್ನು ಹಿಂದೆ ಕುಳಿತವರೂ ಕಟ್ಟಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಪ್ರಾಣ ಕಳೆದುಕೊಂಡದ್ದು ಬೆಲೆಬಾಳುವ ಕಾರಿನ ಹಿಂದಿನ ಆಸನದಲ್ಲಿ, ಪಟ್ಟಿಯಿಲ್ಲದೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂರುವ ತಾಯಿಯ ತೋಳಿಗೆ ಎಷ್ಟೇ ಪ್ರೀತಿಯಿದ್ದರೂ ಆ ಕ್ಷಣದ ಸೆಳೆತವನ್ನು ತಡೆಯುವ ಬಲವಿರುವುದಿಲ್ಲ. ನಕ್ಷತ್ರಗಳೂ ಸರ್ವಶಕ್ತವಲ್ಲ. 2024ರ ಡಿಸೆಂಬರಿನಲ್ಲಿ ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆಯೇ ಉರುಳಿದಾಗ, ಸುರಕ್ಷತೆಗೆ ಹೆಸರಾದ ಆ ಕಾರೂ ಒಳಗಿದ್ದ ಆರು ಮಂದಿಯನ್ನು ಉಳಿಸಲಾರದೆ ಹೋಯಿತು. ವೇಗದ ಮಿತಿ ಎಲ್ಲ ಕಾರಿಗೂ ಬೇಕು. ಹಳೆಯ ಕಾರಿಗಂತೂ ಅದೇ ಮುಖ್ಯ ರಕ್ಷೆ.

ಟಿಳಕವಾಡಿಯ ಹಿರಿಯರು ಅಂಬಾಸಡರನ್ನು ಮಾರಿಲ್ಲ, ಮಾರಬೇಕಾಗಿಯೂ ಇಲ್ಲ. ಆಯುಧಪೂಜೆಯ ದಿನ ಅದಕ್ಕೆ ಚೆಂಡುಹೂವಿನ ಮಾಲೆ ಬೀಳುತ್ತದೆ. ಬೆಳಗಿನ ಹೊತ್ತು ಊರೊಳಗೆ ಮೆಲ್ಲನೆ ಒಂದು ಸುತ್ತು ಹೋಗಿಬರುತ್ತದೆ. ಖಾನಾಪುರದ ದಾರಿಗೆ ಮಾತ್ರ ಮನೆಮಂದಿ ಮೊಮ್ಮಗನ ಕಾರನ್ನೇ ಹತ್ತುತ್ತಾರೆ. ಹಿಂದಿನ ಆಸನದಲ್ಲಿ ಕುಳಿತ ಅಜ್ಜ, “ತಗಡಿನ ಡಬ್ಬಿ” ಎಂದು ಗೊಣಗುತ್ತಲೇ ಪಟ್ಟಿಯನ್ನು ಎಳೆದು ಕಟ್ಟಿಕೊಳ್ಳುತ್ತಾರೆ.