ಮತದಾರರ ಕೈಯಲ್ಲಿ ನಾಲ್ಕು ಚೀಟಿ

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಊರುಗಳಲ್ಲಿ ಚೀಟಿಗಳು ಓಡಾಡತೊಡಗುತ್ತವೆ. ಕುಕ್ಕರಿಗೊಂದು ಟೋಕನ್, ಸೀರೆಗೊಂದು ಕೂಪನ್. ಕೊಡುವವರು ಅಭ್ಯರ್ಥಿಯ ಕಡೆಯವರು, ಪಡೆಯುವವರು ಮತದಾರರು. ಅಮೆರಿಕದ ಸಿಯಾಟಲ್ ನಗರದಲ್ಲೂ ಚುನಾವಣೆಯ ವರ್ಷ ಮನೆಮನೆಗೆ ಚೀಟಿ ಬರುತ್ತದೆ. ಆದರೆ ಅಲ್ಲಿ ಕೊಡುವ ಕೈ ಮತದಾರರದು. ಅಭ್ಯರ್ಥಿ ಮನೆ ಬಾಗಿಲಿಗೆ ಬಂದು ಅದನ್ನು ಕೇಳಿ ಪಡೆಯಬೇಕು.

ಇದರ ಹೆಸರು ‘ಡೆಮಾಕ್ರಸಿ ವೋಚರ್’. ನಗರದ ಚುನಾವಣೆ ನಡೆಯುವ ವರ್ಷ ನೋಂದಾಯಿತ ಮತದಾರರಿಗೆಲ್ಲ ಅಂಚೆಯಲ್ಲಿ ನಾಲ್ಕು ಚೀಟಿ ಬರುತ್ತವೆ, ಒಂದೊಂದರ ಬೆಲೆ 25 ಡಾಲರ್. ಅಂಗಡಿಯಲ್ಲಿ ಅದಕ್ಕೆ ಕಿಮ್ಮತ್ತಿಲ್ಲ, ಬ್ಯಾಂಕಿನಲ್ಲಿ ನಗದಾಗುವುದಿಲ್ಲ. ಮೆಚ್ಚಿದ ಅಭ್ಯರ್ಥಿಯ ಹೆಸರು ಬರೆದು ಸಹಿ ಹಾಕಿದರೆ ಅಷ್ಟು ಹಣವನ್ನು ನಗರಾಡಳಿತ ಆತನ ಪ್ರಚಾರದ ಖಾತೆಗೆ ಹಾಕುತ್ತದೆ. ನಾಲ್ಕನ್ನೂ ಒಬ್ಬರಿಗೇ ಕೊಡಬಹುದು, ಹಂಚಲೂಬಹುದು. ಮತದಾನದ ಹಕ್ಕಿಲ್ಲದ ಗ್ರೀನ್ ಕಾರ್ಡ್‌ದಾರರೂ ಅರ್ಜಿ ಹಾಕಿ ಚೀಟಿ ಪಡೆಯಬಹುದು. ಹಾಗಾಗಿ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ಸಿಯಾಟಲ್‌ನಲ್ಲೇ ನೆಲೆಸಿ, ಇನ್ನೂ ಪೌರತ್ವ ಪಡೆಯದ ಕನ್ನಡಿಗರಿಗೂ ಇದರಲ್ಲಿ ಪಾಲುಂಟು.

ಇದು ಯಾವ ಮೇಯರ್ ಕೊಟ್ಟ ವರವೂ ಅಲ್ಲ. 2013ರಲ್ಲಿ ಚುನಾವಣಾ ಪ್ರಚಾರಕ್ಕೆ ಸಾರ್ವಜನಿಕ ಹಣ ಒದಗಿಸುವ ಬೇರೊಂದು ಪ್ರಸ್ತಾವ ಮತದಾರರ ಮುಂದೆ ಬಂದು ಅಲ್ಪ ಅಂತರದಲ್ಲಿ ಸೋತಿತ್ತು. ಸೋತವರು ಸುಮ್ಮನಾಗಲಿಲ್ಲ. ಸೈಟ್‌ಲೈನ್ ಎಂಬ ಸ್ಥಳೀಯ ಅಧ್ಯಯನ ಸಂಸ್ಥೆ, ದೇಣಿಗೆ ಕೊಟ್ಟವರ ವಿಳಾಸಗಳನ್ನು ನಕ್ಷೆಯ ಮೇಲೆ ಗುರುತಿಸಿತು. ದೊಡ್ಡ ದೇಣಿಗೆಗಳು ಬರುತ್ತಿದ್ದದ್ದು ಹೆಚ್ಚಾಗಿ ಸರೋವರ, ಸಮುದ್ರದ ನೋಟವಿರುವ ದುಬಾರಿ ಮನೆಗಳ ಸಾಲಿನಿಂದ! ಯಾರ ಬಾಗಿಲಿಗೆ ಅಭ್ಯರ್ಥಿ ಹೋಗುತ್ತಾನೆ, ಯಾರ ಬೀದಿಯನ್ನು ದಾಟಿ ಮುಂದೆ ನಡೆಯುತ್ತಾನೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ನಾಗರಿಕ ಸಂಘಟನೆಗಳು ಒಟ್ಟುಗೂಡಿ ಸಹಿ ಸಂಗ್ರಹಿಸಿದವು. 2015ರ ನವೆಂಬರ್‌ನಲ್ಲಿ ‘ಇನಿಷಿಯೇಟಿವ್ 122’ ಮತಕ್ಕೆ ಬಂದಾಗ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಒಪ್ಪಿದರು. ಖರ್ಚಿಗೆ ಹತ್ತು ವರ್ಷಗಳ ಕಾಲ, ವರ್ಷಕ್ಕೆ 30 ಲಕ್ಷ ಡಾಲರ್ ಆಸ್ತಿ ತೆರಿಗೆ. ಅಂದರೆ ಜನ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಂಡರು.

ಅಭ್ಯರ್ಥಿಗೂ ಕಟ್ಟುಪಾಡುಗಳಿವೆ. ಮೊದಲು ನೂರಾರು ಜನರ ಸಹಿ ಮತ್ತು ಸಣ್ಣ ದೇಣಿಗೆ ತಂದು ತೋರಿಸಬೇಕು. ಖರ್ಚಿನ ಮಿತಿಗೆ ಒಪ್ಪಬೇಕು, ಸಾರ್ವಜನಿಕ ಚರ್ಚೆಗಳಲ್ಲಿ ಭಾಗವಹಿಸಬೇಕು.

2017ರಲ್ಲಿ ಚೀಟಿ ಮೊದಲ ಬಾರಿ ಬಳಕೆಗೆ ಬಂತು. ಬಾಡಿಗೆದಾರರ ಹಕ್ಕಿಗಾಗಿ ದುಡಿದ ಅಭ್ಯರ್ಥಿ ಜಾನ್ ಗ್ರಾಂಟ್ ಮನೆಯಿಲ್ಲದೆ ಡೇರೆಗಳಲ್ಲಿ ಬದುಕುವವರ ಬಳಿಗೂ ಹೋಗಿ ಚೀಟಿ ಕೇಳಿದರು. ಬೀದಿಯ ಬದಿಯಲ್ಲಿ ಮಲಗುವವರ ಬಳಿ ರಾಜಕಾರಣಿ ದೇಣಿಗೆ ಕೇಳಲು ಬಂದ ಆ ಗಳಿಗೆಗೆ ಈ ಯೋಜನೆಯ ಎಲ್ಲ ಅಂಕಿಅಂಶಗಳಿಗಿಂತ ಹೆಚ್ಚಿನ ತೂಕವಿದೆ. ಗ್ರಾಂಟ್ ಸೋತರು. ಗೆದ್ದ ತೆರೆಸಾ ಮೊಸ್ಕೇಡಾ ಕೂಡ ಬಾಡಿಗೆ ಮನೆಯವರೇ. ಕಾರ್ಮಿಕ ಸಂಘಟನೆಯಿಂದ ಬಂದ ಅವರೂ ಚೀಟಿಗಳನ್ನು ನೆಚ್ಚಿಯೇ ಪ್ರಚಾರ ನಡೆಸಿದ್ದರು.

ನನಗೆ ಬೇಡದ ಅಭ್ಯರ್ಥಿಗೆ ನನ್ನ ತೆರಿಗೆ ಹಣವೇಕೆ ಎಂದು ಆಸ್ತಿ ಮಾಲೀಕರಿಬ್ಬರು ನ್ಯಾಯಾಲಯಕ್ಕೆ ಹೋದರು. 2019ರ ಜುಲೈನಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಒಮ್ಮತದಿಂದ ಯೋಜನೆಯನ್ನು ಎತ್ತಿಹಿಡಿಯಿತು.

ಅದೇ ವರ್ಷ ನಿಜವಾದ ಪರೀಕ್ಷೆ ಎದುರಾಯಿತು. ಸಿಯಾಟಲ್ ಅಮೆಜಾನ್ ಕಂಪನಿಯ ಊರು. ನಗರ ಕೌನ್ಸಿಲಿನ ಏಳು ಸ್ಥಾನಗಳ ಚುನಾವಣೆಗೆ ಕಂಪನಿಯು ವಾಣಿಜ್ಯ ಮಂಡಳಿಯ ರಾಜಕೀಯ ಸಮಿತಿಗೆ ಸುಮಾರು 15 ಲಕ್ಷ ಡಾಲರ್ ಸುರಿಯಿತು. ಆ ಸಮಿತಿ ಬೆಂಬಲಿಸಿದವರಲ್ಲಿ ಗೆದ್ದವರು ಇಬ್ಬರೇ. ಗೆದ್ದ ಏಳು ಮಂದಿಯಲ್ಲಿ ಹೆಚ್ಚಿನವರು ಚೀಟಿ ಸಂಗ್ರಹಿಸಿದವರು. ಮರುವರ್ಷದ ಜನವರಿಯಲ್ಲಿ ಕೌನ್ಸಿಲ್, ವಿದೇಶಿ ಪಾಲುದಾರಿಕೆ ಗಣನೀಯವಾಗಿರುವ ಕಂಪನಿಗಳು ನಗರದ ಚುನಾವಣೆಗೆ ಹಣ ಹಾಕುವುದನ್ನು ನಿಷೇಧಿಸಿತು.

ಹಾಗೆಂದು ಹಣದ ಹರಿವು ನಿಂತಿಲ್ಲ. ಅಭ್ಯರ್ಥಿಯೊಂದಿಗೆ ನೇರ ಸಂಬಂಧವಿಲ್ಲದ ಸಮಿತಿಗಳು ಎಷ್ಟು ಬೇಕಾದರೂ ಖರ್ಚು ಮಾಡಬಹುದು. ಅಮೆರಿಕದ ಸುಪ್ರೀಂ ಕೋರ್ಟಿನ 2010ರ ‘ಸಿಟಿಜನ್ಸ್ ಯುನೈಟೆಡ್’ ತೀರ್ಪು ಇರುವ ತನಕ ಆ ದಾರಿಯನ್ನು ಮುಚ್ಚುವುದು ಯಾವ ನಗರಕ್ಕೂ ಸಾಧ್ಯವಿಲ್ಲ. ಚೀಟಿ ಬಳಸುವವರೂ ಕಡಿಮೆ: ಮೊದಲ ವರ್ಷ ನೂರಕ್ಕೆ ನಾಲ್ವರೂ ಇರಲಿಲ್ಲ, 2019ರಲ್ಲಿ ಸುಮಾರು ಎಂಟು. ಸಂಖ್ಯೆ ಸಣ್ಣದೇ, ಆದರೆ ಕೊಟ್ಟವರಲ್ಲಿ ಅನೇಕರು ಹಿಂದೆಂದೂ ಯಾವ ಅಭ್ಯರ್ಥಿಗೂ ದೇಣಿಗೆ ಕೊಟ್ಟವರಲ್ಲ.

ಭಾರತದಲ್ಲಿ ಹೋರಾಟ ಇನ್ನೊಂದು ತುದಿಯಿಂದ ನಡೆದಿದೆ. ಹಣ ಯಾರು ಕೊಟ್ಟರು ಎಂಬುದಾದರೂ ಗೊತ್ತಾಗಲಿ ಎಂಬುದು ಇಲ್ಲಿನ ಮೊದಲ ಬೇಡಿಕೆ. ಬೆಂಗಳೂರಿನ ಐಐಎಂನಲ್ಲೂ ಪಾಠ ಮಾಡಿದ ತ್ರಿಲೋಚನ ಶಾಸ್ತ್ರಿ ಮತ್ತು ಅವರ ಸಹೋದ್ಯೋಗಿ ಪ್ರಾಧ್ಯಾಪಕರು 1999ರಲ್ಲಿ ಕಟ್ಟಿದ ಎಡಿಆರ್ ಸಂಸ್ಥೆ, ಅಭ್ಯರ್ಥಿಗಳು ಆಸ್ತಿ ಮತ್ತು ಮೊಕದ್ದಮೆಗಳ ವಿವರ ಘೋಷಿಸಲೇಬೇಕೆಂದು ಕೋರ್ಟಿನಲ್ಲಿ ಗೆದ್ದಿತು. ದಾನಿಯ ಹೆಸರು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡ್‌ಗಳ ವಿರುದ್ಧವೂ ಅದೇ ಸಂಸ್ಥೆ ಅರ್ಜಿದಾರರಲ್ಲೊಂದು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಆ ಯೋಜನೆಯನ್ನು ರದ್ದುಪಡಿಸಿತು. ಅಭ್ಯರ್ಥಿಯ ಖರ್ಚಿಗೆ ಇಲ್ಲಿ ಮಿತಿಯಿದೆ, ಪಕ್ಷದ ಖರ್ಚಿಗೆ ಇಂದಿಗೂ ಇಲ್ಲ.

ಸಿಯಾಟಲ್‌ನಲ್ಲಿ ಹತ್ತು ವರ್ಷಗಳ ತೆರಿಗೆ ಮುಗಿಯುತ್ತ ಬಂದಿತ್ತು. 2025ರ ಆಗಸ್ಟ್‌ನಲ್ಲಿ ಪ್ರಶ್ನೆ ಮತ್ತೆ ಮತದಾರರ ಮುಂದೆ ಬಂತು: ಇನ್ನೂ ಹತ್ತು ವರ್ಷ ಕೊಡುತ್ತೀರಾ? ಈ ಬಾರಿ ಮೊತ್ತ ವರ್ಷಕ್ಕೆ 45 ಲಕ್ಷ ಡಾಲರ್‌ಗೆ ಏರಿತ್ತು. ಬಹುಮತ ಹೌದು ಎಂದಿತು.