ಕೊಲೆಗಾರ ಗೊತ್ತಿದ್ದರೂ ‘ತರ್ಕ’

ನಾಯಕ ಶಂಕರ್‌ನಾಗ್. ಆದರೂ ಒಂದೇ ಒಂದು ಹಾಡಿಲ್ಲ!

1989ರಲ್ಲಿ ಸುನೀಲ್‌ಕುಮಾರ್ ದೇಸಾಯಿ ತೆರೆಗೆ ತಂದ ‘ತರ್ಕ’ಕ್ಕೆ ಪ್ರೇರಣೆ ಅಗಾಥಾ ಕ್ರಿಸ್ಟಿಯ 1958ರ ನಾಟಕ. ಮನೆಯೊಳಗೊಂದು ಹೆಣ, ಅಲ್ಲೇ ಸತ್ತವನ ಹೆಂಡತಿ, ಅದೇ ಹೊತ್ತಿಗೆ ಒಳಬರುವ ಅಪರಿಚಿತ.

ಧಾರವಾಡದ ಹತ್ತಿರದ ಗರಗದಂಥ ಊರುಗಳಲ್ಲಿ ಆಗ ಟಿವಿ, ವಿಸಿಪಿ ಎರಡೂ ರಾತ್ರಿ ಬಾಡಿಗೆಗೆ ಬರುತ್ತಿದ್ದ ಕಾಲ. ಹಾಡು ಬಂದರೆ ಕ್ಯಾಸೆಟ್ ಮುಂದಕ್ಕೆ ಓಡಿಸುವುದು ರೂಢಿ. ‘ತರ್ಕ’ದಲ್ಲಿ ಆ ಬಟನ್‌ಗೆ ಕೆಲಸವೇ ಇಲ್ಲ. ನೀರು ಕುಡಿಯಲು ಎದ್ದವರಿಗೂ ಕಥೆಯ ಎಳೆ ತಪ್ಪುತ್ತದೆ.

ಎರಡನೇ ಸಲ ನೋಡುವಾಗ ಆಟವೇ ಬೇರೆ. ಕೊಲೆಗಾರ ಯಾರೆಂದು ಗೊತ್ತು. ಈಗ ಕಣ್ಣೆಲ್ಲ ಮುಖಗಳ ಮೇಲೆ. ಯಾರು ಯಾವ ಮಾತಿಗೆ ತಡವರಿಸಿದರು? ಯಾರ ನೋಟ ಎತ್ತ ಹೊರಳಿತು? ಅನುಮಾನ ಬಂದಲ್ಲಿ ರಿವೈಂಡ್.

1990ರಲ್ಲಿ ಇದೇ ಕಥೆ ತಮಿಳಿಗೆ ಹೋಗಿ ‘ಪುರಿಯಾದ ಪುದಿರ್’ ಆಯಿತು. ನಿರ್ದೇಶಕ ಕೆ.ಎಸ್. ರವಿಕುಮಾರ್‌ಗೆ ಅದೇ ಮೊದಲ ಚಿತ್ರ.