ಅರೆಬರೆ ಗೊಂಬೆ, ಪೂರ್ತಿ ದುಡ್ಡು

ಗೊಂಬೆಯನ್ನು ಬಿಡಿಬಿಡಿಯಾಗಿ ಕೊಟ್ಟು, 'ಅಂಟಿಸೋದು ನೀವೇ, ಬಣ್ಣ ಹಚ್ಚೋದೂ ನೀವೇ' ಅಂದರೆ ನಮ್ಮ ಪೇಟೆಯ ಗಿರಾಕಿ ಸುಮ್ಮನೆ ಬಿಟ್ಟಾನೆಯೇ? ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಗೇಮ್ಸ್ ವರ್ಕ್‌ಶಾಪ್ ಕಂಪನಿಗೆ ಇದೇ ವ್ಯಾಪಾರ. ಅದರ 'ವಾರ್‌ಹ್ಯಾಮರ್' ಯುದ್ಧದಾಟ ಶುರುವಾದದ್ದು 1983ರಲ್ಲಿ. ಮೇಜಿನ ಮೇಲೆ ರಾಕ್ಷಸರು, ಕುಳ್ಳರು, ಕುದುರೆ ಸವಾರರು. ಒಬ್ಬೊಬ್ಬ ಆಳೂ ಒಂದಿಂಚಿಗೆ ಚೂರು ಜಾಸ್ತಿ ಎತ್ತರ, ಅಷ್ಟೆ.

ಪ್ಲಾಸ್ಟಿಕ್ ಚೌಕಟ್ಟಿನಿಂದ ಕೈಕಾಲು ಕತ್ತರಿಸಿ, ಉಜ್ಜಿ, ಅಂಟಿಸಬೇಕು. ಮೇಲೊಂದು ತಳಬಣ್ಣ. ಆಮೇಲೆ ಸಣ್ಣ ಕುಂಚದ ಕೆಲಸ. ನೀರಾದ ಬಣ್ಣ ಬಳಿದರೆ ಅದು ಬಟ್ಟೆಯ ನೆರಿಗೆಯೊಳಗೆ ಇಳಿದು ನೆರಳಾಗುತ್ತೆ; ಬಣ್ಣ ಒರೆಸಿದ ಒಣ ಕುಂಚ ಸವರಿದರೆ ಉಬ್ಬಿದ ಕಡೆ ಮಾತ್ರ ಹೊಳಪು. ಒಂದು ಸೈನ್ಯಕ್ಕೆ ತಿಂಗಳುಗಟ್ಟಲೆ ಹಿಡಿದರೂ ಗಿರಾಕಿಗೆ ಬೇಸರವಿಲ್ಲ!

ಬೇಸರವಾದದ್ದು 2015ರಲ್ಲಿ. ಕಂಪನಿ ಕಥೆಯೊಳಗೆ ಆ ಲೋಕವನ್ನೇ ನಾಶಮಾಡಿ, ಆಟ ನಿಲ್ಲಿಸಿ, ಬೇರೊಂದು ಆಟ ತಂದಿತು. ಹಳೇ ಗೊಂಬೆಗೆ ಚೌಕ ಪೀಠ, ಹೊಸ ಆಟಕ್ಕೆ ದುಂಡು ಪೀಠ. ವರ್ಷಗಟ್ಟಲೆ ಬಣ್ಣ ಹಚ್ಚಿದವನ ಹೊಟ್ಟೆ ಉರಿಯದೇ ಇದ್ದೀತೇ? ಕೆಲವರು ಪೀಠ ಕಿತ್ತು ಬದಲಿಸಿದರು. ಕೆಲವರು ಹಳೇ ನಿಯಮದ ಪುಸ್ತಕ ಹಿಡಿದು ಆಡುತ್ತಲೇ ಇದ್ದರು. 2024ರಲ್ಲಿ ಕಂಪನಿಯೇ ಹಳೇ ಲೋಕಕ್ಕೆ ಮರಳಿತು, ಚೌಕ ಪೀಠದ ಸಮೇತ. ಪೀಠ ಕಿತ್ತವರು ಈಗ ಮತ್ತೆ ಅಂಟು ಹುಡುಕಬೇಕು.